ಏಳನೇ ನಂಬರಿನ ನಾಯಿಯ ವಯಸ್ಸಿನ ಕುರಿತು

ನಾಯಿ ಸಾಕಣೆ ಕೇಂದ್ರಗಳ ತಪಾಸಣಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತೆಕ್ಕಟ್ಟೆಯ ಹೆದ್ದಾರಿ ಬದಿಯಲ್ಲಿ ಮೀನು ಮಾರುವ ವನಜ ಎಂಬ ನಾನು, ತಾವೂ ತಮ್ಮ ಕಡತಗಳೂ ಕ್ಷೇಮವೆಂದು ನಂಬಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ನೋಟೀಸು ತಲುಪಿತು. ಸುಜನ್ ಅವರ ಕೇಂದ್ರದ ನಾಯಿಯನ್ನು ನಾನು ಕದ್ದಿದ್ದೇನಂತೆ, ಹತ್ತು ದಿನದೊಳಗೆ ಮರಳಿಸಬೇಕಂತೆ. ಊರವರೂ ಓದಲೆಂದು ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾಯಿಮರಿ ಹುಟ್ಟಿಸಿ ಮಾರುವ ಸುಜನ್ ಅವರ ಶೆಡ್ ನಮ್ಮ ಮನೆಯ ಹಿಂದೆಯೇ ಇದೆ. ಕಳೆದ ವರ್ಷ ತಾವು ತಪಾಸಣೆಗೆ ಬಂದಾಗ ನಾನು ಬೇಲಿಯ ಬಳಿ ನಿಂತಿದ್ದೆ. ಹೆಣ್ಣುನಾಯಿಗೆ ವರ್ಷಕ್ಕೆ ಒಂದೇ ಸೂಲು, ಬದುಕಿನಲ್ಲಿ ಐದೇ ಸೂಲು, ದಿನವೂ ಓಡಾಟ ಎಂದು ನಿಯಮವಿದೆಯಂತೆ. ಇಷ್ಟನ್ನೂ ತಾವು ಶೆಡ್ಡಿನ ಬಾಗಿಲು ತೆರೆಯದೆ, ಒಂದು ಎಳನೀರು ಕುಡಿದು ಮುಗಿಸುವಷ್ಟರಲ್ಲಿ ಪರಿಶೀಲಿಸಿ ‘ತೃಪ್ತಿಕರ’ ಎಂದು ಬರೆದಿರಿ. ಅಂಥ ದಿವ್ಯದೃಷ್ಟಿ ನಮ್ಮ ಪಾಲಿಗೆ ಬಂದದ್ದು ಪುಣ್ಯ.

ಎರಡು ತಿಂಗಳ ಹಿಂದೆ ಬೆಳಿಗ್ಗೆ ಅಂಗಡಿ ತೆರೆಯಲು ಹೋದರೆ, ಐಸ್ ಪೆಟ್ಟಿಗೆಯ ಕೆಳಗೆ ಲ್ಯಾಬ್ರಡಾರ್ ಹೆಣ್ಣುನಾಯಿಯೊಂದು ಬಿದ್ದುಕೊಂಡಿತ್ತು. ಕೊರಳಲ್ಲಿ ಏಳು ಎಂಬ ಬಿಲ್ಲೆ. ಮೊಲೆಗಳು ಜೋತಿದ್ದವು, ಉಗುರು ಬೆಳೆದು ಪಾದದೊಳಕ್ಕೆ ತಿರುಗಿತ್ತು. ಬಂಗುಡೆ ಮೀನು ತೋರಿಸಿದರೂ ಎರಡು ಹೆಜ್ಜೆ ಇಡಲಾಗದೆ ಕುಸಿಯಿತು. ಸುಜನ್ ಅವರನ್ನು ಕೇಳಿದೆ. “ಹ್ವಾಯ್ ವನಜಕ್ಕ, ಅದ್ ನಮ್ದಲ್ಲ. ಮರಿ ಹಾಕ್ದೆ ಇಪ್ಪ ನಾಯಿ ಕಟ್ಕಂಡ್ ನಾ ಎಂತ ಮಾಡೂದ್?” ಎಂದರು. ತಮ್ಮದಲ್ಲದ ನಾಯಿ ಇನ್ನು ಮರಿ ಹಾಕುವುದಿಲ್ಲವೆಂದು ಅವರಿಗೆ ಹೇಗೆ ಗೊತ್ತಾಯಿತೋ, ನಾನು ಕೇಳಲಿಲ್ಲ.

ಅದನ್ನು ಮನೆಗೆ ಹೊತ್ತು ತಂದೆ. ನಾಯಿಗಳನ್ನು ಹೊಸ್ತಿಲಿಗೂ ಸೇರಿಸದ ನನ್ನ ತಾಯಿ, ಎಂಟು ಮಕ್ಕಳನ್ನು ಹೆತ್ತವರು, ಅದರ ಹೊಟ್ಟೆ ಸವರಿ, “ಹೆತ್ತ್ ಹೆತ್ತ್ ಸೋತ್ ಹೋಯ್ತ್ ಪಾಪ. ಒಳ್ಗ್ ಮಲ್ಗ್ಸ್ ಮಗಾ” ಎಂದರು. ಅಂದಿನಿಂದ ಅದು ಅವರ ಚಾಪೆಯ ಪಕ್ಕವೇ ಮಲಗುತ್ತದೆ.

ಕುಂದಾಪುರದ ಪಶುವೈದ್ಯೆಯೊಬ್ಬರು ಪರೀಕ್ಷಿಸಿ, ಎಂಟು ವರ್ಷಕ್ಕೆ ಕಡಿಮೆಯಿಲ್ಲ, ಹೊಟ್ಟೆ ಕೊಯ್ದು ಮರಿ ತೆಗೆದ ಗಾಯಗಳೇ ಮೂರಿವೆ ಎಂದು ಬರೆದುಕೊಟ್ಟರು. ಆ ಚೀಟಿಯನ್ನು ದೂರಿನೊಂದಿಗೆ ತಮ್ಮ ಕಚೇರಿಗೆ ಕೊಟ್ಟೆ. ಎಂಟನೇ ದಿನಕ್ಕೆ, ಸುಜನ್ ಅವರದಲ್ಲದ ನಾಯಿ ಅವರದಾಗಿ, ನಾನು ಕಳ್ಳಿಯಾದೆ.

ನೋಟೀಸಿನ ಜೊತೆ ತಾವು ದಯೆತೋರಿ ಕೇಂದ್ರದ ನಾಯಿಗಳ ರಿಜಿಸ್ಟರಿನ ಪುಟವನ್ನೂ ಲಗತ್ತಿಸಿದ್ದೀರಿ. ‘ನಂಬರ್ ಏಳು, ವಯಸ್ಸು ಮೂರು, ಸೂಲು ಎರಡು, ಲವಲವಿಕೆಯಿಂದಿದೆ.’ ಓದಿ ನನಗೆ ಆಸೆ ಹುಟ್ಟಿತು. ಎಂಬತ್ತೊಂದು ದಾಟಿದ ನನ್ನ ತಾಯಿಯ ಹೆಸರನ್ನೂ ಇದೇ ರಿಜಿಸ್ಟರಿನಲ್ಲಿ ಬರೆದುಕೊಂಡರೆ ಅವರ ಮಂಡಿನೋವು ವಾಸಿಯಾದೀತು.

ಇನ್ನು ವಿಷಯಕ್ಕೆ ಬರುವುದಾದರೆ, ತಾವು ಹುಡುಕುತ್ತಿರುವ ನಾಯಿಗೆ ಮೂರು ವರ್ಷ, ಎರಡೇ ಸೂಲು. ನಮ್ಮ ಮನೆಯಲ್ಲಿರುವುದಕ್ಕೆ ಎಂಟು ವರ್ಷ, ಮೂರು ಗಾಯ. ಆದ್ದರಿಂದ ತಮ್ಮ ನಾಯಿ ನನ್ನಲ್ಲಿಲ್ಲ. ಎರಡೂ ಒಂದೇ ಎನ್ನುವುದಾದರೆ, ರಿಜಿಸ್ಟರಿನಲ್ಲಿರುವುದು ಸುಳ್ಳೆಂದು ಒಂದು ಸಾಲು ಬರೆದು ಸಹಿ ಹಾಕಿ ಕಳುಹಿಸಬೇಕು. ಆ ಕಾಗದದೊಂದಿಗೆ ನಾಯಿಯನ್ನೂ ನಾನೇ ನ್ಯಾಯಾಲಯಕ್ಕೆ ಕರೆತರುತ್ತೇನೆ. ಮೊನ್ನೆ ಅದು ತಾನಾಗಿ ಅಂಗಡಿಯ ಹಿಂದಿನ ಗದ್ದೆಯ ಅಂಚಿನವರೆಗೆ ನಡೆಯಿತು. ಅಷ್ಟು ದೂರ ನಡೆದದ್ದು ಅದೇ ಮೊದಲು. ನಾನು ಮೀನು ತೂಗುವುದನ್ನೂ ಮರೆತು ನೋಡುತ್ತ ನಿಂತೆ.

ನೋಟೀಸಿನ ಪ್ರಕಾರ ಕಳ್ಳಿಯೂ, ಮರ್ಯಾದೆಯ ಪ್ರಕಾರ ತಮ್ಮ ವಿಶ್ವಾಸಿಯೂ ಆದ
ವನಜ

ತಾ.ಕ.: ಶೆಡ್ಡಿನಲ್ಲಿ ಉಳಿದ ಹತ್ತು ನಾಯಿಗಳ ಹಲ್ಲು ನೋಡಿ ವಯಸ್ಸು ಹೇಳಲು ಜಿಲ್ಲೆಯಿಂದ ಬೇರೆ ಅಧಿಕಾರಿಗಳು ಶುಕ್ರವಾರ ಬರುತ್ತಾರಂತೆ. ತಮಗೆ ಜ್ವರ ಬರುವುದಿದ್ದರೆ ಗುರುವಾರವೇ ಬರಿಸಿಕೊಳ್ಳುವುದು ಒಳಿತು.