ಅಸಾ ಕಾಬ್‌ನ ಒಲೆಗಲ್ಲು

1986ರ ಆಗಸ್ಟ್ 8, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ವರ್ಲಿನ್ ಕಾಬ್ ಹೆಂಡತಿಯ ನಿಲುಗನ್ನಡಿಯನ್ನು ಕಂಕುಳಲ್ಲಿ ಇರುಕಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಬಿದ್ದ.

“ರೀ, ಕನ್ನಡಿ ಎಲ್ಲಿಗೆ?” ಅಂದಳು ವೆಲ್ಮಾ.

“ಸ್ಮಶಾನಕ್ಕೆ.”

“ಸರಿ. ಒಡೆದ್ರೆ ನೀವೂ ಅಲ್ಲೇ ಇದ್ದುಬಿಡಿ.”

ಮರುದಿನ ಊರಿನಲ್ಲಿ ಹಳೇ ನೆಲಸಿಗರ ಮೆರವಣಿಗೆ. ಅಮೆರಿಕದ ಅಯೋವಾದ ಆ ಕೌಂಟಿಗೆ, ಅಂದರೆ ಜಿಲ್ಲೆಗೆ, ಎಲ್ಲರಿಗಿಂತ ಮೊದಲು ಬಂದು ನೆಲೆಸಿದವನ ವಂಶಕ್ಕೆ ಮೊದಲ ಬಂಡಿ. ಅದರಲ್ಲಿ ಮೂರು ತಲೆಮಾರಿನಿಂದ ಕೂರುತ್ತಿದ್ದವರು ಪಕ್ಕದ ಮನೆಯ ಆರ್ಡಿತ್ ಬೋಮನ್ ಕಡೆಯವರು. ಅವಳ ಪೂರ್ವಜ ಬಂದದ್ದು 1841ರಲ್ಲಿ. ವರ್ಲಿನ್‌ಗೆ ಸಿಗುತ್ತಿದ್ದ ಜಾಗ ಕುದುರೆಗಳ ಹಿಂದೆ. ನಲವತ್ತು ವರ್ಷದಿಂದ ಅವನು ಮೆರವಣಿಗೆಯನ್ನೇ ಸರಿಯಾಗಿ ನೋಡಿರಲಿಲ್ಲ. ಕುದುರೆಗಳ ಹಿಂದೆ ನಡೆಯುವವನು ನೆಲದಿಂದ ಕಣ್ಣು ಎತ್ತುವಂತಿಲ್ಲ.

ತನ್ನ ಮುತ್ತಜ್ಜ ಅಸಾ ಕಾಬ್ ಬೋಮನ್ನರಿಗಿಂತ ಮೊದಲು ಬಂದವನು ಎಂದು ವರ್ಲಿನ್ ಕೇಳಿದ್ದ. ಮೆರವಣಿಗೆ ಸಮಿತಿಗೆ ಮಧ್ಯಾಹ್ನದೊಳಗೆ ಪುರಾವೆ ಬೇಕಿತ್ತು. ಅಸಾನ ಗೋರಿಕಲ್ಲಿನ ಅಕ್ಷರ ಸವೆದು ಹಪ್ಪಳದ ಹಾಗಾಗಿತ್ತು. ಬೆಳಕು ಓರೆಯಾಗಿ ಬಿದ್ದರೆ ಸವೆದದ್ದೂ ಕಾಣುತ್ತದೆ. ಆದರೆ ಕಲ್ಲಿನ ಮುಖ ಬಿಸಿಲು ಬೀಳದ ಕಡೆಗೆ, ಉತ್ತರಕ್ಕೆ. ಅದಕ್ಕೇ ಕನ್ನಡಿ.

ಕನ್ನಡಿಯನ್ನು ಇಷ್ಟಿಷ್ಟೇ ಓರೆ ಮಾಡುತ್ತ ಹೋದಂತೆ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ‘ಅಸಾ ಕಾಬ್. ತನ್ನ ಹೊಲದಲ್ಲಿ ನೆಲೆಸಿದ್ದು 1839.’ ವರ್ಲಿನ್ ಹಿಗ್ಗಿ ಎರಡು ಹೆಜ್ಜೆ ಕುಣಿದ. ಕನ್ನಡಿಯೂ ಕುಣಿಯಿತು. ಬಿಸಿಲಿನ ಕೋಲು ರಸ್ತೆಗೆ ಹಾರಿ, ಪಿಕಪ್ ಗಾಡಿಯಲ್ಲಿ ಮೂರು ಚೆರ್ರಿ ಹಣ್ಣಿನ ಪೈ ಇಟ್ಟುಕೊಂಡು ಬರುತ್ತಿದ್ದ ಆರ್ಡಿತ್‌ಳ ಕಣ್ಣಿಗೆ ಬಿತ್ತು. ಅವಳ ಪಿಕಪ್ ಎಮ್ಮೆ ಕೆರೆಗಿಳಿದಷ್ಟು ನಿಧಾನವಾಗಿ ಚರಂಡಿಗಿಳಿಯಿತು.

“ಏನೋ ಅದು, ನನ್ನನ್ನ ವಿಮಾನ ಅಂದ್ಕೊಂಡು ಸಿಗ್ನಲ್ ಕೊಡ್ತಿದ್ಯಾ?” ಅಂತ ಆರ್ಡಿತ್ ಗಲ್ಲದ ಚೆರ್ರಿ ಒರೆಸಿಕೊಳ್ಳುತ್ತ ಬಂದಳು. ಬಂದವಳು ಕಲ್ಲನ್ನೂ ಓದಿದಳು.

ಪಿಕಪ್ ಎಳೆಯಲು ಟ್ರ್ಯಾಕ್ಟರ್ ತಂದವನು ಲಾಯ್ಡ್. ನಿವೃತ್ತ ಸರ್ವೆಯರ್, ಮೆರವಣಿಗೆ ಸಮಿತಿಗೆ ಅಧ್ಯಕ್ಷ. ಅವನೂ ಓದಿದ. “ನಂಗೆ ಇಷ್ಟು ಸಾಕು. ನಾಳೆ ಬಂಡಿ ಹತ್ತು ವರ್ಲಿನ್.”

“ಗೋರಿಕಲ್ಲು ಬರೆಸೋರು ಮಕ್ಕಳು,” ಅಂದಳು ಆರ್ಡಿತ್. “ನಮ್ಮಪ್ಪನ ಕಲ್ಲಿನ ಮೇಲೆ ‘ಶಾಂತ ಸ್ವಭಾವದವರು’ ಅಂತಿದೆ.”

ಈ ಮಾತು ವರ್ಲಿನ್‌ಗೆ ನಾಟಿತು. “ಅಸಾನ ಗುಡಿಸಲಿನ ಒಲೆಗಲ್ಲು ನನ್ನ ಮೆಕ್ಕೆಜೋಳದ ಹೊಲದಲ್ಲಿದೆ. ಲಾಯ್ಡ್, ಅಳೆದು ನಕ್ಷೆಗೆ ಹಾಕು.”

“ಬೇಡ ಬಿಡೋ. ಗೋರಿಕಲ್ಲು ಸಾಕು ಅಂದ್ನಲ್ಲ.”

“ಅಂಗುಲ ಬಿಡದೆ ಅಳೆ. ಇವಳು ಇನ್ನು ಬಾಯಿ ತೆಗೀಬಾರದು.”

ಆಗಸ್ಟಿನ ಜೋಳ ಆಳೆತ್ತರ ಮೀರಿತ್ತು. ಒಳಗೆ ಹೊಕ್ಕ ಮೂವರೂ ಮೂರು ದಿಕ್ಕಿಗೆ ಕಳೆದುಹೋಗಿ, ಆರ್ಡಿತ್‌ಳ ಬೈಗುಳದ ಜಾಡು ಹಿಡಿದು ಮತ್ತೆ ಒಂದಾದರು. ಒಲೆಗಲ್ಲು ಸಿಕ್ಕಿತು, ಹೊಸ್ತಿಲ ಕಲ್ಲೂ ಸಿಕ್ಕಿತು. ಲಾಯ್ಡ್ ಅಳೆದ, ನಕ್ಷೆಯಲ್ಲಿ ಮಸಿಯಿಂದ ಗುರುತು ಹಾಕಿದ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಅಳೆದ.

“ಮೊದಲು ಬಂದವನು ಅಸಾನೇ. ಅನುಮಾನ ಇಲ್ಲ.”

ವರ್ಲಿನ್ ಗೆದ್ದ ಹುಂಜದಂತೆ ಆರ್ಡಿತ್ ಕಡೆ ತಿರುಗಿದ.

“ಆದ್ರೆ ಅವನು ಬಂದದ್ದು ಪಕ್ಕದ ಕೌಂಟಿಗೆ. ಕೌಂಟಿ ಗೆರೆ ನಿನ್ನ ಹೊಲದ ನಡುವೆ ಹಾದು ಹೋಗುತ್ತೆ.”

“ಗೋರಿಕಲ್ಲೇ ಸಾಕು ಅಂದಿದ್ಯಲ್ಲೋ?”

“ಅಂದಿದ್ದೆ. ಈಗ ಮಸಿಯಲ್ಲಿ ಬರೆದಾಯ್ತಲ್ಲ.”

“ಹಾಗಾದ್ರೆ ಆ ಕೌಂಟಿಯವರ ಮೆರವಣಿಗೆಗಾದ್ರೂ ಹೋಗ್ತೀನಿ. ಯಾವಾಗ?”

“ಹೋದ ಶನಿವಾರ ಆಯ್ತು.”

ವರ್ಲಿನ್ ಮುಳುಗುವವನಂತೆ ಕೈಗೆ ಸಿಕ್ಕಿದ ಕಡ್ಡಿ ಹಿಡಿದ. “ಸೆಖೆಗೆ ಅಸಾ ಹೊರಗಡೆ ಮಲಗ್ತಿದ್ದನಂತೆ. ತಲೆ ಹೊಸ್ತಿಲ ಮೇಲೆ, ಕಾಲು ಈ ಕಡೆಗೆ. ಆರು ಅಡಿ ಎರಡು ಅಂಗುಲದ ಆಳು ಕಣೋ. ಪಾದ ನಮ್ಮ ಕೌಂಟಿಯಲ್ಲೇ ಇರ್ತಿತ್ತು.”

“ನ್ಯಾಯವಾದ ಮಾತು,” ಅಂದಳು ಆರ್ಡಿತ್. “ಪಾದ ಈಚೆ ಬಂದಿದ್ರೆ ಬಂಡಿ ನಿಂದೇ.”

ಲಾಯ್ಡ್ ಮಂಡಿಯೂರಿ ಟೇಪು ಎಳೆದ. ಹೊಸ್ತಿಲಿನಿಂದ ಗೆರೆಗೆ ಆರು ಅಡಿ ಐದು ಅಂಗುಲ.