ಸಂದಿ ಬಿಟ್ಟು ಕಟ್ಟಿಸಿದ ಹಲ್ಲು

ಮಕ್ಕಳೇ, ನಿಮ್ಮ ತಾತ ನನ್ನನ್ನು ನೋಡಿ ಒಪ್ಪಿಕೊಳ್ಳುವುದಕ್ಕೆ ಒಂದು ತಟ್ಟೆ ಉಪ್ಪಿಟ್ಟು ಮುಗಿಯುವಷ್ಟು ಹೊತ್ತು ಸಾಕಾಯಿತು. ಮುಂದಿನ ಎರಡು ಹಲ್ಲು ಆರಿಸುವುದಕ್ಕೆ ಮಾತ್ರ ಯುಗಾದಿಯಿಂದ ಗೌರಿಹಬ್ಬದವರೆಗೆ ಬೇಕಾಯಿತು! ಹಲ್ಲಿಗಿರುವ ಬೆಲೆ ಹೆಂಡತಿಗಿಲ್ಲವೇ ಎಂದು ನಾನೂ ಆಗ ಮುನಿಸಿಕೊಂಡಿದ್ದೆ.

ಆಗ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಎಲ್ಲರಿಗೂ ಒಂದೇ ಗೇಟು, ಒಂದೇ ನಲ್ಲಿ. ಗಂಡನ ಹೆಸರನ್ನು ನಾನು ಹೇಳುವಂತಿರಲಿಲ್ಲ. ಈಗಲೂ ಹೇಳುವುದಿಲ್ಲ, ಇಲ್ಲಿ ಹುಡುಕಬೇಡಿ! ಅತ್ತೆಯ ಎದುರು ನನ್ನ ಹೆಸರು ಹಿಡಿದು ಕೂಗಲು ಅವರಿಗೂ ಸಂಕೋಚ. ಹಾಗಾಗಿ ಫ್ಯಾಕ್ಟರಿಯಿಂದ ಬಂದವರು ಗೇಟಿನ ಬಳಿ ಸೈಕಲ್ ಇಳಿದು, ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿಯಿಂದ ಒಂದು ಶಿಳ್ಳೆ ಹಾಕುತ್ತಿದ್ದರು. ನಾನು ಕಾಫಿಗೆ ಹಾಲಿಟ್ಟು ಬಾಗಿಲು ತೆಗೆಯುತ್ತಿದ್ದೆ. ಅವರು ನನ್ನನ್ನು ಕರೆಯುತ್ತಿದ್ದ ಬಗೆ ಅದೊಂದೇ. ನಾಚಿಕೆಯಾಗುತ್ತಿತ್ತು, ನಿಜ. ಆದರೆ ಸಂಜೆಯಾದರೆ ನನ್ನ ಕಿವಿ ಗೇಟಿನಲ್ಲೇ ಇರುತ್ತಿತ್ತು.

ಆ ಹಲ್ಲುಗಳು ಹೋದದ್ದು ಹೀಗೆ. ಊರಿನಿಂದ ರಾಗಿ ಮೂಟೆ ಬಂತು. ನಾನು ಕತ್ತರಿ ತರಲು ಹೊರಟರೆ "ಬೇಡ ಬಿಡೇ" ಎಂದು ಹುರಿಗೆ ಹಲ್ಲು ಹಾಕಿ ಎಳೆದರು. ಗಂಟು ಅಲ್ಲೇ ಉಳಿಯಿತು, ಹಲ್ಲು ಎರಡೂ ಈಚೆ ಬಂದವು! ಗಂಟು ಹಾಕಿದ್ದು ನನ್ನಪ್ಪನಾದ್ದರಿಂದ ತಪ್ಪು ನನ್ನದೆಂದು ಅತ್ತೆಯ ತೀರ್ಪಾಯಿತು.

ಅಂದಿನಿಂದ ಗೇಟಿನಲ್ಲಿ ಬರೀ "ಫುಸ್". ಪಕ್ಕದ ಮನೆಯಾಕೆ "ನಿಮ್ಮ ಯಜಮಾನ್ರ ಸೈಕಲ್ಲು ದಿನಾ ಪಂಚರ್ ಆಗತ್ತಲ್ರೀ, ಪಾಪ" ಎಂದು ಮರುಗಿದರು. ನನಗಂತೂ ಏನೂ ಕೇಳಿಸುತ್ತಿರಲಿಲ್ಲ. ಅವರು ಬಾಗಿಲಿನವರೆಗೆ ಬಂದು, ಗಂಟಲು ಸರಿಮಾಡಿಕೊಂಡು, ಬಾಡಿಗೆ ಮನೆ ಕೇಳಲು ಬಂದವರ ಹಾಗೆ ನಿಂತಿರುತ್ತಿದ್ದರು.

ನಮ್ಮ ಬಡಾವಣೆಯ ಹಲ್ಲಿನ ಡಾಕ್ಟರು ತಾಳ್ಮೆಯ ಮನುಷ್ಯ. ಆಚೀಚೆಯ ಹಲ್ಲುಗಳನ್ನು ಸಣ್ಣಗೆ ಅರೆದು, ಅವಕ್ಕೆ ಟೋಪಿ ತೊಡಿಸಿ, ನಡುವೆ ಎರಡು ಹೊಸ ಹಲ್ಲು ಸೇರಿಸುವುದಕ್ಕೆ ಬ್ರಿಡ್ಜ್ ಎನ್ನುತ್ತಾರೆಂದು ವಿವರಿಸಿದರು.

"ಪೂರ್ತಿ ಚಿನ್ನದ್ದು ಮಾಡ್ಬೋದು. ಚಿನ್ನದ ಮೇಲೆ ಬಿಳೀ ಪ್ಲಾಸ್ಟಿಕ್ ಕೂರಿಸ್ಬೋದು. ಲೋಹದ ಮೇಲೆ ಪಿಂಗಾಣಿ ಹಾಕೋದೂ ಈಗ ಬಂದಿದೆ. ಯೋಚನೆ ಮಾಡಿ ಸಾರ್."

ಯೋಚನೆ ಮಾಡಿ ಎಂದು ನಿಮ್ಮ ತಾತನಿಗೆ ಹೇಳುವುದೇ!

"ಚಿನ್ನದ್ದೇ ಹಾಕಿಸ್ಕೊಳೋ. ನಕ್ರೆ ಫಳಫಳ ಅನ್ಬೇಕು" ಎಂದರು ಅತ್ತೆ.

"ಆಮೇಲೆ ಬಾಯಿಗೆ ಬೀಗ ಹಾಕ್ಕೊಂಡು ಮಲಗ್ಲಾ ಅಮ್ಮಾ?"

"ಹಾಕ್ಕೋ, ಗೊರಕೆನಾದ್ರೂ ನಿಲ್ಲತ್ತೆ!"

ಉಳಿದವು ಪ್ಲಾಸ್ಟಿಕ್ಕು, ಪಿಂಗಾಣಿ. ಯಾವುದಕ್ಕೆ ಕಲೆ ಹಿಡಿಯುತ್ತದೆಂದು ಪರೀಕ್ಷೆ ಮಾಡಬೇಡವೇ? ಅಂಗಿಯ ಪ್ಲಾಸ್ಟಿಕ್ ಗುಂಡಿಯೊಂದನ್ನೂ ಒಡೆದ ಪಿಂಗಾಣಿ ಬಸಿಯ ಚೂರೊಂದನ್ನೂ ಲೋಟಕ್ಕೆ ಹಾಕಿ, ಡಿಕಾಕ್ಷನ್ ಸುರಿದು, ಅಡಿಗೆಮನೆಯ ಗೂಡಿನಲ್ಲಿಟ್ಟರು. ಅತ್ತೆ ಅದಕ್ಕೆ ಬಿಸಿ ಹಾಲು ಬೆರೆಸಿ ಕುಡಿದೇಬಿಟ್ಟರು! ಚೂರು ತಳದಲ್ಲೇ ಉಳಿದದ್ದು ನಮ್ಮ ಪುಣ್ಯ.

"ಏನೇ ಇದು, ಕಾಫೀಲಿ ಗುಂಡಿ!" ಎಂದು ಉಗಿದರು. ಅವರ ಮಗ ಓಡಿ ಬಂದು ಕೇಳಿದ್ದೇನು ಗೊತ್ತೇ?

"ಅಮ್ಮಾ, ಕಲೆ ಆಗಿದ್ಯಾ ನೋಡು!"

ಆಗಿತ್ತು. ಪಿಂಗಾಣಿ ಗೆದ್ದಿತು.

ಇನ್ನು ಉಳಿದದ್ದು ಹೊಸ ಹಲ್ಲುಗಳ ನಡುವೆ ಸಂದಿ ಇರಬೇಕೋ ಬೇಡವೋ ಎಂಬ ತಕರಾರು. ಅದು ತೀರ್ಮಾನವಾಗಬೇಕಿದ್ದ ದಿನ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರು ಮೇಣದಲ್ಲಿ ಎರಡು ನಮೂನೆ ಮಾಡಿಟ್ಟಿದ್ದರು. ಒಂದರಲ್ಲಿ ಸಂದಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

"ಸಂದಿ ಮುಚ್ಚಿಸ್ಕೊಳಕ್ಕೆ ಜನ ಬರ್ತಾರೆ ಸಾರ್, ಇಡಿಸ್ಕೊಳಕ್ಕಲ್ಲ! ಸಂದಿ ಬಿಟ್ರೆ ಹಲ್ಲಿನ ಹಿಂದೆ, ಅಂಗುಳಿನ ಕಡೆಯಿಂದ ಒಂದು ಕಂಬಿ ಬಳಸಿ ಎರಡನ್ನೂ ಸೇರಿಸ್ಬೇಕು. ನಾಲಿಗೆಗೆ ತಾಗ್ತಾನೇ ಇರತ್ತೆ. ಅಷ್ಟು ಮಾಡಿದ್ರೂ ಶಿಳ್ಳೆ ಬರತ್ತೆ ಅಂತ ನಾನು ಹೇಳಲ್ಲ."

ನಿಮ್ಮ ತಾತ ಸಂದಿಯಿಲ್ಲದ್ದನ್ನು ಇಟ್ಟು ನೋಡಿಕೊಂಡರು. ಸುಳ್ಳೇಕೆ ಹೇಳಲಿ, ಸಿನಿಮಾ ನಾಯಕನ ಹಾಗೆ ಕಂಡರು! ಕನ್ನಡಿ ಕೆಳಗಿಡಲೊಲ್ಲರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಮುಗಿಯಿತು ಎಂದುಕೊಂಡೆ. ಶಿಳ್ಳೆ ಹೋಯಿತಲ್ಲ!

ಡಾಕ್ಟರಿಗೂ ಸಾಕಾಗಿತ್ತು. "ನೀವೇ ಹೇಳ್ಬಿಡಿ ತಾಯಿ" ಎಂದು ನನ್ನ ಕಡೆ ತಿರುಗಿದರು.

ಹೊರಗಿನವರ ಎದುರು ನಾನು ಬಾಯಿಬಿಟ್ಟವಳೇ ಅಲ್ಲ. ಹಲ್ಲು ನೋವು ಬಂದರೂ ಡಾಕ್ಟರಿಗೆ ಬಾಯಿ ತೋರಿಸಬೇಕಲ್ಲ ಎಂದು ಲವಂಗ ಕಚ್ಚಿಕೊಂಡು ಸುಮ್ಮನಿದ್ದವಳು! ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ಕೊನೆಗೆ ನೆಲ ನೋಡುತ್ತ ಹೇಳಿದೆ.

"ಸಂದಿ ಇರ್ಲಿ. ಇಲ್ದಿದ್ರೆ ಬಂದಿದ್ದು ಗೊತ್ತಾಗಲ್ಲ."

ಡಾಕ್ಟರಿಗೆ ಅರ್ಥವಾಗಲಿಲ್ಲ. ನಿಮ್ಮ ತಾತ ಕನ್ನಡಿ ಕೆಳಗಿಟ್ಟರು.

ಗೌರಿಹಬ್ಬದ ಹಿಂದಿನ ಸಂಜೆ ಹೊಸ ಹಲ್ಲಿನೊಡನೆ ಗೇಟಿಗೆ ಬಂದರು. ಫುಸ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಫುಸ್. ಅಂದು ನಾನು ಒಲೆ ಬಿಟ್ಟು ಕಿಟಕಿಗೇ ಕಿವಿಯಿಟ್ಟು ನಿಂತಿದ್ದರಿಂದ ಅದೂ ಕೇಳಿಸಿತು. ಆಮೇಲೆ ಬಂತು! ಮೊದಲಿಗಿಂತ ಕೀರಲು, ಕೊನೆಯಲ್ಲಿ ಸ್ವಲ್ಪ ಸೊಟ್ಟ.

"ಪಂಚರ್ ಹಾಕ್ಸಿದ್ರೇನ್ರೀ?" ಎಂದು ಪಕ್ಕದ ಮನೆಯಾಕೆ ಕೇಳುವಷ್ಟರಲ್ಲಿ, ಹಾಲಿಡುವುದನ್ನೂ ಮರೆತು ನಾನು ಬಾಗಿಲಿಗೆ ಓಡಿದ್ದೆ.

ಪುಟ್ಟೀ, ಅದೇ ಸಂದಿ ನಿನಗೆ ಬಂದಿದೆ. ತಂತಿ ಹಾಕಿಸಿ ಮುಚ್ಚಿಸುತ್ತೇವೆಂದು ನಿನ್ನಮ್ಮ ಹೇಳುತ್ತಿದ್ದಳು. ಮುಚ್ಚಿಸಿಕೋ ಕಂದ, ಚೆಂದ ಕಾಣುತ್ತೀಯ. ಅದಕ್ಕೆ ಮೊದಲು ಒಂದು ಸಂಜೆ ಸ್ಕೂಲಿನಿಂದ ಬಂದವಳು ಬೆಲ್ ಒತ್ತಬೇಡ, ಗೇಟಿನ ಹತ್ತಿರವೇ ನಿಂತು ಊದು. ನನ್ನ ಕಿವಿ ಮಂದವಾಗಿದೆ, ನಿಜ. ಆದರೆ ಅದೊಂದು ಕೇಳಿಸುತ್ತದೆ.