ಎಂಟು ಕಾಲಿಗೆ ಕಾದ ಮಾವ

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಅಂದಿನಿಂದ ಮುಂಡಗೋಡದಲ್ಲಿ ಸೈಕಲ್ ಅಂಗಡಿ ಇಟ್ಟು ದುಡಿದೇ ಉಂಡಿದ್ದೇನೆ. ಯಾರ ಮುಂದೂ ಕೈಯೊಡ್ಡಿಲ್ಲ. ಆದರೂ ಹುಳದ ಕಾಲು ಎಣಿಸುವ ಕೆಲಸಕ್ಕೆ ಊರಿಗೆಲ್ಲ ನಾನೊಬ್ಬನೇ ಸಿಗಬೇಕೇ! ಹಿಡಿದು ಹಚ್ಚಿದವರು ನನ್ನ ಸೋದರಮಾವ, ಹೈಸ್ಕೂಲಿನ ವಿಜ್ಞಾನ ಮಾಸ್ತರರು. ಹೊಟ್ಟೆಯ ಕೆಳಗಿನ ಬಟ್ಟಲಿನಂಥ ಗುರುತು ನೋಡಿ ನೀರುನುಸಿ ಯಾವ ಕುಟುಂಬದ್ದೆಂದು ಹೇಳುವವರು, ಬಸ್ಸಿನಲ್ಲಿ ಪಕ್ಕಕ್ಕೇ ಕೂತ ಹೆಂಡತಿಗೆ, "ಅಕ್ಕಾರ, ಸ್ವಲ್ಪ ಸರೀರಿ" ಅಂದಿದ್ದರು!

ನೀರುನುಸಿ ಎಂದರೆ ಕೆರೆಯಲ್ಲಿ ಓಡಾಡುವ, ಸಾಸಿವೆಗಿಂತ ಸಣ್ಣ ಕೆಂಪು ಜೀವ. ಮರಿಗೆ ಆರು ಕಾಲು. ಏರೋಪ್ಲೇನ್ ಚಿಟ್ಟೆಯ ಮೈಗೆ ಅಂಟಿಕೊಂಡು ಪುಕ್ಕಟೆ ಊಟ, ಪುಕ್ಕಟೆ ಪ್ರಯಾಣ. ಆಮೇಲೆ ನೀರಿಗೆ ಬಿದ್ದು, ಕದಲದೆ ಮಲಗಿ, ಎದ್ದಾಗ ಎಂಟು ಕಾಲು! ತಾವು ಹಿಡಿದ ಆರು ಕಾಲಿನದೂ ಎಂಟು ಕಾಲಿನದೂ ಒಂದೇ ಕುಟುಂಬದವು ಎಂದು ಮಾವನ ವಾದ. ದೂರದ ಪಂಡಿತರೊಬ್ಬರು, ಮರಿಯನ್ನು ಸಾಕಿ ಬೆಳೆಸಿದ ಮೇಲೆ ಮಾತಾಡೋಣ ಎಂದು ಬರೆದಿದ್ದರು. ಮಾವನಿಗೋ ಎರಡೂ ಕಣ್ಣಿಗೆ ಪೊರೆ. ದೃಷ್ಟಿ ಮುಚ್ಚುವುದರೊಳಗೆ ಒಂದು ಮರಿ ಬೆಳೆಯಬೇಕಿತ್ತು.

ವಾರವೆಲ್ಲ ಪಂಪು ಹೊಡೆದು ದಣಿದ ನಾನು, ರವಿವಾರ ನುಸಿಯ ಬಾಟ್ಲಿ ಹಿಡಿದ ಅವರನ್ನು ಹಿಂದೆ ಕೂರಿಸಿಕೊಂಡು ಸನವಳ್ಳಿ, ಮಳಗಿ ಎಂದು ಕೆರೆಯಿಂದ ಕೆರೆಗೆ ಸೈಕಲ್ ತುಳಿಯಬೇಕು. ಏರಿನಲ್ಲಾದರೂ ಇಳಿಯುತ್ತಾರೆಯೇ?

"ಇಳದ್ರ ಬಾಟ್ಲಿ ಕುಲಕತೈತಿ ಲೇ!"

"ಮತ್ತ ನನ್ನ ಜೀವ ಕುಲಕೂದು, ಮಾಮಾ?"

"ಅದು ಗಟ್ಟಿ ಐತಿ, ತುಳಿ."

ಮೊದಲ ಸಲ ಮರಿಗಳನ್ನು ತಂಬಿಗೆಯಲ್ಲಿ ಬಿಟ್ಟು, ಹುಡುಗರು ಮುಟ್ಟದ ಜಾಗವೆಂದು ನಮ್ಮ ಮನೆಯ ದೇವರ ಜಗಲಿಯ ಮೇಲಿಟ್ಟರು. ಬೆಳಿಗ್ಗೆ ಅಪ್ಪ ಲಿಂಗಪೂಜೆಗೆ ಕೂತು, ಅದೇ ನೀರನ್ನು ಎರೆದು, ಕಣ್ಣುಮುಚ್ಚಿ ತೀರ್ಥ ತೆಗೆದುಕೊಂಡೇಬಿಟ್ಟರು! ಮಾವ ಓಡಿಬಂದರು.

"ಭಾವಾರ, ಎಷ್ಟ ಕುಡದ್ರಿ?"

"ಯಾಕ, ಮಾಸ್ತರ?"

"ಹನ್ನೊಂದು ಇದ್ದುವ್ರಿ!"

ಅಂದಿನಿಂದ ನುಸಿಗಳಿಗೆ ನಮ್ಮ ಮನೆಯ ಬಾಗಿಲು ಬಂದ್. ಮುಂದಿನ ಮರಿ ಗಾಜಿನ ಬಟ್ಟಲಿನಲ್ಲಿ ನನ್ನ ಅಂಗಡಿಗೆ ಬಂತು. ಟ್ಯೂಬು ಬಿಟ್ಟು ಭೂತಗನ್ನಡಿ ಹಿಡಿದು ಕೂತರೆ ಗಿರಾಕಿಗಳು ಬಿಡುತ್ತಾರೆಯೇ? "ಏನ್ರಿ, ಇನ್ನೂ ಪಂಕ್ಚರ್ ಸಿಗವಲ್ದೇನು?" ದಿನಾ ಅದು ಮಲಗಿರುತ್ತಿತ್ತು, ಅದರ ಭಾಗ್ಯ ನನಗಿರಲಿಲ್ಲ.

ಒಂದು ಬೆಳಿಗ್ಗೆ ಅದು ಎದ್ದು ಓಡಾಡುತ್ತಿತ್ತು. ಎರಡು ಸಲ ಕಾಲು ಎಣಿಸಿದೆ; ಹೊಟ್ಟೆಯ ಕೆಳಗೆ ಮಾವ ಹೇಳುತ್ತಿದ್ದ ಬಟ್ಟಲಿನ ಗುರುತೂ ಇತ್ತು. ಅಂಗಡಿ ತೆರೆದೇ ಬಿಟ್ಟು, ಬಟ್ಟಲು ಹಿಡಿದು ಮಾವನ ಮನೆಗೆ ಹೋದೆ. ಅವರು ಅದನ್ನು ಕಣ್ಣಿನ ಹತ್ತಿರ ಒಯ್ದರು, ಬೆಳಕಿಗೆ ತಿರುಗಿಸಿದರು, ಕೆಳಗಿಟ್ಟರು. ಕಾಣಲಿಲ್ಲ.

"ಬ್ಯಾರೆ ಮಾಸ್ತರನ್ನ ಕರೀತೀನ್ರಿ, ಮಾಮಾ. ಏಳನೇತ್ತಾ ಬಿಟ್ಟವನ ಲೆಕ್ಕ ಪಂಡಿತರು ಒಪ್ಪತಾರೇನು?"

"ನಾ ಒಪ್ಪತೀನಲ್ಲ? ಕೂಡು. ನೀ ಎಣಸು, ನಾ ಬರೀತೀನಿ."

ಎಣಿಸಿದೆ. ಸೊಟ್ಟಸೊಟ್ಟಾಗಿ ಬರೆದುಕೊಂಡರು. ಇನ್ನೊಮ್ಮೆ ಅಂದರು, ಎಣಿಸಿದೆ. ಮತ್ತೊಮ್ಮೆ ಅಂದರು. ಆ ಮೂರನೆಯ ಸಲ ಅವರು ಬರೆಯುತ್ತಿರಲಿಲ್ಲ, ಕಣ್ಣುಮುಚ್ಚಿ ಕೇಳುತ್ತಿದ್ದರು.

ಪಂಡಿತರು ಒಪ್ಪಿದರು. ಆ ಕಾಗದ ಓದಿ ಹೇಳಿದವನೂ ನಾನೇ. ಮಾವ ಈಗಿಲ್ಲ. ನನ್ನ ಬಳಿ ಇರುವುದಿಷ್ಟು: ಪಂಪು ಎರಡು, ಬಾಡಿಗೆ ಸೈಕಲ್ ಐದು, ಭೂತಗನ್ನಡಿ ಒಂದು, ಗಾಜಿನ ಪಟ್ಟಿಯ ಮೇಲೆ ನುಸಿ ಒಂದು, ಅದಕ್ಕೆ ಕಾಲು ಎಂಟು.